28 ಅಂಕದ ಇಂಗ್ಲಿಷು

ಮೊದಲು ಒಂದು ಲೆಕ್ಕ ಹಾಕೋಣ. ನಮ್ಮ ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷ್ ಪೇಪರು ನೂರು ಅಂಕದ್ದು. ಅದರಲ್ಲಿ 20 ಆಂತರಿಕ ಮೌಲ್ಯಮಾಪನ, ಶಾಲೆಯವರ ಕೈಯಲ್ಲಿದ್ದದ್ದು. ಉಳಿದ 80ಕ್ಕೆ ಬರವಣಿಗೆ. 2025ರ ಪರೀಕ್ಷೆಗಳತನಕ ಇದ್ದ ಶೇಕಡಾ 35ರ ಲೆಕ್ಕ ಹಿಡಿದರೆ 80ಕ್ಕೆ 28 ಬಂದರೆ ಪಾಸಾಗುತ್ತಿತ್ತು.

ಈಗ ಪೇಪರು ಬಿಚ್ಚಿ. ಒಂದು ಪದ್ಯ ಬಾಯಿಪಾಠ, 4 ಅಂಕ. ಒಂದು ಪತ್ರ, 5. ಒಂದು ಪ್ರಬಂಧ, 4. ಚಿತ್ರ ನೋಡಿ ವರ್ಣಿಸು, 3. ಒಬ್ಬ ವ್ಯಕ್ತಿಯ ವಿವರ ಕೊಟ್ಟಿರುತ್ತಾರೆ, ಅದನ್ನು ವಾಕ್ಯ ಮಾಡು, 3. ಸುಳಿವು ಕೊಟ್ಟಿರುತ್ತಾರೆ, ಕಥೆ ಬೆಳೆಸು, 3. ಓದಿರದ ಗದ್ಯಭಾಗ ಒಂದು, ಎರಡು ಪ್ರಶ್ನೆ, 4. ಕೂಡಿಸಿ: 26. ಇನ್ನೆರಡು ಬಹು ಆಯ್ಕೆಯಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೂ ಬಂದೀತು. ಆಯ್ತಲ್ಲ, 28.

ಇದು ನನ್ನ ಲೆಕ್ಕ ಅಲ್ಲ. ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆ ಯಾವ ಹೈಸ್ಕೂಲಿನ ಇಂಗ್ಲಿಷ್ ಸರ್ ಅವರನ್ನು ಕೇಳಿದರೂ ಬೆರಳ ತುದಿಯಲ್ಲಿ ಇದನ್ನೇ ಹೇಳುತ್ತಾರೆ. ಇದೇ ಲೆಕ್ಕದ ಮೇಲೆ ಒಂದು ಸಾಹಿತ್ಯ ಪ್ರಕಾರವೇ ಹುಟ್ಟಿಕೊಂಡಿದೆ. ಅದರ ಹೆಸರು ‘ಪಾಸಿಂಗ್ ಪ್ಯಾಕೇಜ್’. ಕನ್ನಡದಲ್ಲಿ ಕಾದಂಬರಿ, ಕವನ ಸಂಕಲನ, ಸಿನಿಮಾ ಎಲ್ಲಕ್ಕೂ ವಿಮರ್ಶೆ ಬರುತ್ತದೆ. ಪ್ರತಿ ವರ್ಷ ಲಕ್ಷಾಂತರ ಮಕ್ಕಳು ಬಾಯಿಪಾಠ ಮಾಡುವ ಈ ಪುಸ್ತಕಕ್ಕೆ ಮಾತ್ರ ಯಾರೂ ವಿಮರ್ಶೆ ಬರೆದದ್ದು ನಾನು ಕಂಡಿಲ್ಲ. ದಸರಾ ರಜೆಗೆ ಮಸಗುಪ್ಪಿಗೆ ಹೋದಾಗ ಅಕ್ಕನ ಮಗಳ ಕೈಯಲ್ಲಿದ್ದ ಝೆರಾಕ್ಸ್ ಪ್ರತಿಯನ್ನು ಇಸಿದುಕೊಂಡು, ಒಂದು ಪುಸ್ತಕ ಅನ್ನುವ ಗೌರವದಿಂದಲೇ ಮೊದಲಿಂದ ಕೊನೆಯತನಕ ಓದಿದೆ.

ಬರೆದವರು ಜಾಣರು, ಅದನ್ನು ಮೊದಲು ಹೇಳಿಬಿಡುತ್ತೇನೆ. ಮಗುವಿಗೆ ಏನೂ ಬರುವುದಿಲ್ಲ ಅಂತ ಹಿಡಿದು ಕಟ್ಟಿದ ಪುಸ್ತಕ ಇದು. ಪತ್ರಕ್ಕೆ ಮೂರು ಪುಟ. ‘ಫ್ರಮ್’ ಎಲ್ಲಿ, ‘ಟು’ ಎಲ್ಲಿ, ದಿನಾಂಕ ಎಲ್ಲಿ, ‘ರೆಸ್ಪೆಕ್ಟೆಡ್ ಸರ್’ ಆದ ಮೇಲೆ ಅಲ್ಪವಿರಾಮ, ಕೊನೆಗೆ ‘ಯುವರ್ಸ್ ಫೇತ್‌ಫುಲಿ’. ನಡುವೆ ಏನು ಬರೆಯಬೇಕು? ಪ್ರಶ್ನೆಯಲ್ಲಿ ಕೊಟ್ಟ ಮಾಹಿತಿಯನ್ನೇ ಇಳಿಸು. ಪತ್ರ ಯಾರಿಗೆ, ಯಾಕೆ ಅನ್ನುವುದು ತಿಳಿಯದಿದ್ದರೂ ಪತ್ರದ ಚೌಕಟ್ಟಿಗೆ ಅಂಕ ಇದೆ. ಪ್ರಬಂಧಕ್ಕೂ ಇದೇ ತರಹ: ಪೀಠಿಕೆ, ವಿವರ, ಉಪಸಂಹಾರ ಅಂತ ಮೂರು ಉಪಶೀರ್ಷಿಕೆ, ಪೀಠಿಕೆಯ ಎರಡು ವಾಕ್ಯಕ್ಕೆ ಒಂದು ಖಾಲಿ ಜಾಗ, ಆ ಜಾಗದಲ್ಲಿ ವಿಷಯದ ಹೆಸರು ತುಂಬಬೇಕು. ಪ್ಲಾಸ್ಟಿಕ್ ಬಂದರೆ ಪ್ಲಾಸ್ಟಿಕ್, ಮೊಬೈಲ್ ಬಂದರೆ ಮೊಬೈಲ್. ನಮ್ಮ ಭಾಷೆಯಲ್ಲಿ ಇದಕ್ಕೆ ಟೆಂಪ್ಲೇಟ್ ಅನ್ನುತ್ತೇವೆ.

ಚಿತ್ರದ ಪುಟಕ್ಕೆ ಬಂದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಲ್ಲೂ ಒಂದು ಸಿದ್ಧ ಪ್ಯಾರಾ. ಇದೊಂದು ಸುಂದರ ಚಿತ್ರ, ಇದರಲ್ಲಿ ಗಿಡಮರ ಇವೆ, ಜನ ಇದ್ದಾರೆ, ನನಗೆ ಈ ಚಿತ್ರ ತುಂಬ ಇಷ್ಟ, ಇಷ್ಟು ಇಂಗ್ಲಿಷಿನಲ್ಲಿ. ಹುಡುಗಿಯ ಅಭ್ಯಾಸದ ನೋಟ್‌ಬುಕ್ಕು ತೆಗೆದು ನೋಡಿದೆ. ಅಂಟಿಸಿದ್ದ ಚಿತ್ರ ನೆರೆಯದ್ದು: ನೀರು ಹೊಕ್ಕ ಮನೆಗಳು, ತಲೆ ಮೇಲೆ ಗಂಟು ಹೊತ್ತ ಹೆಂಗಸರು. ಕೆಳಗೆ ಅವಳ ದುಂಡಗಿನ ಅಕ್ಷರದಲ್ಲಿ ‘ದಿಸ್ ಈಸ್ ಎ ಬ್ಯೂಟಿಫುಲ್ ಪಿಕ್ಚರ್’. ಕೊನೆಗೆ ‘ಐ ಲೈಕ್ ದಿಸ್ ಪಿಕ್ಚರ್ ವೆರಿ ಮಚ್’. ಮೂರಕ್ಕೆ ಎರಡೂವರೆ ಅಂಕ, ಕೆಂಪು ಪೆನ್ನಿನಲ್ಲಿ.

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ, ಮೂಡಲಗಿ ಸೀಮೆಯ ಹೊಳೆದಂಡೆ ಊರುಗಳಿಗೆ ನುಗ್ಗಿದಾಗ ಈ ಹುಡುಗಿಗೆ ಒಂಬತ್ತು ವರ್ಷ. ಕಾಳಜಿ ಕೇಂದ್ರದಲ್ಲಿ ದಿನ ಕಳೆದಿದ್ದಾಳೆ. ಎಮ್ಮೆಗೆ ಏನಾಯ್ತು, ಜೋಳದ ಚೀಲ ಹ್ಯಾಂಗ ನೆಂದು ನಾರಿತು, ಇಳಿದ ಮೇಲೆ ಮನೆಯಲ್ಲಿ ಎಷ್ಟು ರಾಡಿ ಇತ್ತು, ಎಲ್ಲ ಅವಳಿಗೆ ನೆನಪಿದೆ. ನೆರೆಯ ಬಗ್ಗೆ ಹೇಳೋದಕ್ಕೆ ಆ ತರಗತಿಯ ಮಕ್ಕಳ ಹತ್ತಿರ ಇರುವಷ್ಟು ಸರಕು ಪ್ರಶ್ನೆಪತ್ರಿಕೆ ತೆಗೆಯುವವರ ಹತ್ತಿರವೂ ಇರಲಿಕ್ಕಿಲ್ಲ. ‘ಇದು ಹೊಳಿ ಬಂದ ಚಿತ್ರ ಅಲ್ಲೇನವಾ, ಬ್ಯೂಟಿಫುಲ್ ಅಂತ ಯಾಕ ಬರದಿ?’ ಅಂದೆ. ‘ಮಾಮಾ, ಯಾವ ಚಿತ್ರಾ ಬಂದ್ರೂ ಇದನ್ನ ಬರೀಬೇಕಂತ ಸರ್ ಹೇಳ್ಯಾರ’ ಅಂದಳು. ಬ್ಯೂಟಿಫುಲ್ ಅಂದರೆ ಏನು ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಳು. ಗೊತ್ತಿಲ್ಲದೆ ಬರೆದಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಪ್ಯಾಕೇಜನ್ನು ಬೈಯುವುದು ಸುಲಭ. ಆದರೆ ಪ್ಯಾಕೇಜು ಪ್ರಶ್ನೆಪತ್ರಿಕೆಯ ನೆರಳು. ಪೇಪರು ಹೇಗಿದೆಯೋ ಹಾಗೆ ಅದು ಬೀಳುತ್ತದೆ. ವ್ಯಾಕರಣದ ಭಾಗ ನೋಡಿ. ಒಂದು ಪ್ಯಾರಾ ಕೊಟ್ಟು ಅದರಲ್ಲಿ ಎರಡು ತಪ್ಪಿವೆ, ತಿದ್ದು ಅನ್ನುತ್ತಾರೆ. ಕೆಳಗೇ ಸುಳಿವು: ಒಂದು ಕಡೆ ದೊಡ್ಡಕ್ಷರ ಬೇಕು, ಒಂದು ಕಡೆ ಕಾಗುಣಿತ ಸರಿಯಾಗಬೇಕು. ಬಗ್ ಯಾವ ತರಹದ್ದು ಅಂತ ಟೆಸ್ಟರೇ ಟಿಕೆಟ್ಟಿನಲ್ಲಿ ಬರೆದುಕೊಟ್ಟಂತೆ. ಮಗು ಪ್ಯಾರಾ ಓದುವುದೇ ಇಲ್ಲ; ಪೂರ್ಣವಿರಾಮದ ಮುಂದೆ ಸಣ್ಣಕ್ಷರ ಎಲ್ಲಿದೆ ಅಂತ ಕಣ್ಣಾಡಿಸುತ್ತದೆ, ಸಿಗುತ್ತದೆ. ಇನ್ನೊಂದು ಪ್ರಶ್ನೆ: ಈ ನಾಲ್ಕು ಪದಗಳಲ್ಲಿ ಎರಡು ಸಿಲಬಲ್ ಇರುವುದು ಯಾವುದು? ಸಿಲಬಲ್ ಅನ್ನುವುದು ಕಿವಿಯ ವಿಚಾರ. ಕಿವಿಗೆ ಬೀಳದ ಪದದ ಸಿಲಬಲ್ಲನ್ನು ಕಣ್ಣಿನಿಂದ ಎಣಿಸುವುದು ಹೇಗೆ? ಅದಕ್ಕೂ ಒಂದು ಉಪಾಯ ಹೇಳಿಕೊಟ್ಟಿರುತ್ತಾರೆ, ಸ್ವರಾಕ್ಷರ ಎಣಿಸು ಅಂತ. ಹತ್ತರಲ್ಲಿ ಆರು ಸಲ ಸರಿ ಬರುತ್ತದೆ.

ಕೋಡ್ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತಿರುವ ಕಾಯಿಲೆ. ಒಂದು ಫಂಕ್ಷನ್ನಿಗೆ ಐದು ಟೆಸ್ಟ್ ಕೇಸ್ ಇವೆ ಅಂತಿಟ್ಟುಕೊಳ್ಳಿ. ಆ ಐದು ಇನ್‌ಪುಟ್ಟಿಗೆ ಐದು ಔಟ್‌ಪುಟ್ಟನ್ನು ನೇರವಾಗಿ ಬರೆದಿಟ್ಟರೆ ಟೆಸ್ಟ್ ಎಲ್ಲಾ ಹಸಿರು. ಆರನೆಯ ಇನ್‌ಪುಟ್ ಬಂದ ದಿನ ಪ್ರೊಡಕ್ಷನ್ನಿನಲ್ಲಿ ಬಿದ್ದುಹೋಗುತ್ತದೆ. ಮಷೀನ್ ಲರ್ನಿಂಗಿನವರು ಇದನ್ನು ಓವರ್‌ಫಿಟ್ಟಿಂಗ್ ಅನ್ನುತ್ತಾರೆ. ಅದಕ್ಕೇ ಅವರು ಮಾಡೆಲ್ಲಿಗೆ ಕಲಿಸಿದ ಡೇಟಾದಿಂದ ಯಾವತ್ತೂ ಪರೀಕ್ಷೆ ಮಾಡುವುದಿಲ್ಲ. ಒಂದಿಷ್ಟು ಡೇಟಾ ಮುಟ್ಟದೆ ಪಕ್ಕಕ್ಕಿಡುತ್ತಾರೆ. ನಮ್ಮ ಇಂಗ್ಲಿಷ್ ಪೇಪರಿನಲ್ಲಿ ಹಾಗೆ ಪಕ್ಕಕ್ಕಿಟ್ಟದ್ದು ಎಷ್ಟು? ಆ ಓದಿರದ ಗದ್ಯಭಾಗದ 4 ಅಂಕ. ಅದೂ ಪ್ರಶ್ನೆಯಲ್ಲಿರುವ ಪದವನ್ನೇ ಗದ್ಯದಲ್ಲಿ ಹುಡುಕಿ, ಆ ಸಾಲನ್ನು ಎತ್ತಿ ಇಳಿಸಿದರೆ ಸಿಗುವಂಥದ್ದು. ಉಳಿದ 76 ಅಂಕಕ್ಕೆ, ಒಂದೋ ಮೊದಲೇ ಓದಿದ ಪಾಠ, ಇಲ್ಲಾ ಮೊದಲೇ ಗೊತ್ತಿರುವ ಅಚ್ಚು. ಹೊಸ ಇಂಗ್ಲಿಷ್ ವಾಕ್ಯ ಒಂದನ್ನು ಎದುರಿಗಿಟ್ಟರೆ ಈ ಮಗು ಅರ್ಥ ಮಾಡಿಕೊಳ್ಳುತ್ತದೋ ಇಲ್ಲವೋ ಅನ್ನುವ ಒಂದೇ ಒಂದು ವಿಷಯವನ್ನು ಬಿಟ್ಟು ಉಳಿದದ್ದೆಲ್ಲ ಅಳೆಯುವ ಪರೀಕ್ಷೆ ಇದು.

ವಿಚಿತ್ರ ಅಂದರೆ, ಪಠ್ಯಪುಸ್ತಕ ಕೆಟ್ಟದ್ದಲ್ಲ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಆರ್. ಕೆ. ನಾರಾಯಣರ ‘ಎ ಹೀರೋ’ ಇದೆ, ಅಪ್ಪನ ಹಟಕ್ಕೆ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಿ, ಕಳ್ಳನ ಕಾಲು ಕಚ್ಚಿ ಹಿಡಿಯುವ ಸ್ವಾಮಿಯ ಕಥೆ. ಶಂಕರ್‌ನಾಗರ ಧಾರಾವಾಹಿ ನೋಡಿದ ಮನೆಗಳಿಗೆ ಸ್ವಾಮಿ ಹೊಸಬನಲ್ಲ. ಅದರ ಜೊತೆಗೆ ‘ಜಂಟಲ್‌ಮನ್ ಆಫ್ ರಿಯೋ ಎನ್ ಮೆದಿಯೋ’ ಅಂತ ಒಂದು ಕಥೆ ಇದೆ, ಹುವಾನ್ ಸೆದಿಯೋ ಬರೆದದ್ದು. ಇದನ್ನು ಮಸಗುಪ್ಪಿಯಂಥ ಊರಿಗೇ ಬರೆದಂತಿದೆ. ನ್ಯೂ ಮೆಕ್ಸಿಕೋದ ಒಬ್ಬ ಮುದುಕ, ಡಾನ್ ಅನ್ಸೆಲ್ಮೋ, ತನ್ನ ಮನೆ ಜಮೀನನ್ನು 1200 ಡಾಲರಿಗೆ ಮಾರಲು ಒಪ್ಪುತ್ತಾನೆ. ಸರ್ವೆ ಮಾಡಿದರೆ ಎಂಟು ಎಕರೆಗಿಂತ ಹೆಚ್ಚು ಬರುತ್ತದೆ, ಅವನು ಅಂದುಕೊಂಡದ್ದರ ಸುಮಾರು ಎರಡರಷ್ಟು. ಕೊಳ್ಳುವವರು ಒಳ್ಳೆಯವರು, ಹೆಚ್ಚಿನದ್ದಕ್ಕೂ ದುಡ್ಡು ಕೊಡುತ್ತೇವೆ ಅನ್ನುತ್ತಾರೆ. ಮುದುಕ ಒಲ್ಲೆ ಅನ್ನುತ್ತಾನೆ. ಮುಂದೆ ಊರ ಮಕ್ಕಳು ತೋಟಕ್ಕೆ ನುಗ್ಗಿ ಆಡಿದಾಗ ಹೊಸ ಮಾಲೀಕರು ತಕರಾರು ತೆಗೆದರೆ, ಜಮೀನು ಮಾರಿದ್ದು ಖರೆ, ಗಿಡ ಮಾರಿಲ್ಲ, ಊರಲ್ಲಿ ಒಂದೊಂದು ಕೂಸು ಹುಟ್ಟಿದಾಗಲೂ ಒಂದೊಂದು ಗಿಡ ನೆಟ್ಟಿದ್ದೇನೆ, ಅವು ಆ ಮಕ್ಕಳವು ಅನ್ನುತ್ತಾನೆ.

ಘಟಪ್ರಭಾ ಕಾಲುವೆಯ ನೀರುಣ್ಣುವ ಕಬ್ಬಿನ ಸೀಮೆಯಲ್ಲಿ ಈ ಕಥೆ ಹೇಳಿ ನೋಡಿ. ಮೋಜಣಿ, ಹಿಸ್ಸಾ, ಬದುವಿನ ಮಾವಿನ ಗಿಡ ಯಾರದ್ದು ಅನ್ನುವ ಜಗಳ ಕೇಳದೆ ಬೆಳೆದ ಮಗು ನಮ್ಮ ಕಡೆ ಇಲ್ಲ. ಅಕ್ಕನ ಮಗಳಿಗೆ ಕಥೆಯನ್ನು ಕನ್ನಡದಲ್ಲಿ ಹೇಳಿ, ಮುದುಕ ಯಾಕೆ ದುಡ್ಡು ಬೇಡ ಅಂದ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ‘ಮಾತ ಕೊಟ್ಟಮ್ಯಾಗ ಮೋಜಣಿ ಹೆಚ್ಚ ಬಂತಂತ ರೊಕ್ಕಾ ಇಸ್ಕೊಂಡ್ರ, ಕಡಿಮಿ ಬಂದಿದ್ರ ತಿರುಗಿ ಕೊಡಬೇಕಾಗ್ತಿತ್ತಲ್ಲ ಮಾಮಾ? ಆಗ ವ್ಯವಹಾರಕ್ಕ ಕೊನೀನ ಇರಂಗಿಲ್ಲ’ ಅಂದಳು. ಒಬ್ಬ ಒಳ್ಳೆಯ ವಕೀಲ ಹೇಳಬಹುದಾದ ಮಾತು. ಅವರ ಅಪ್ಪ ಅಲ್ಲೇ ದನಕ್ಕೆ ಮೇವು ಹಾಕುತ್ತಿದ್ದವರು ತಿರುಗಿ ನೋಡಿದರು. ಪ್ಯಾಕೇಜಿನಲ್ಲಿ ಅದೇ ಪ್ರಶ್ನೆಗೆ ಎರಡು ಸಾಲಿನ ಉತ್ತರವಿದೆ: ಅವನು ತತ್ವನಿಷ್ಠ, ಪ್ರಾಮಾಣಿಕ. ಹುಡುಗಿ ಆ ಎರಡು ಸಾಲನ್ನು ಆಗಲೇ ಬಾಯಿಪಾಠ ಮಾಡಿದ್ದಳು, ಆದರೆ ಅದು ಈ ಮುದುಕನ ಬಗ್ಗೆಯೇ ಅನ್ನುವುದು ನಾನು ಕಥೆ ಹೇಳಿದ ಮೇಲೆ ಗೊತ್ತಾಯಿತು.

ಪದ್ಯಗಳಲ್ಲಿ ಒಂದು ನಮ್ಮ ಸೀಮೆಯ ಹೆಸರನ್ನೇ ಹೊತ್ತ ಕವಿಯದ್ದು. ವಿ. ಕೃ. ಗೋಕಾಕರ ‘ದಿ ಸಾಂಗ್ ಆಫ್ ಇಂಡಿಯಾ’. (ಅವರು ಹುಟ್ಟಿದ್ದು ಸವಣೂರಲ್ಲಿ, ಗೋಕಾಕ ಬರೀ ಮನೆತನದ ಹೆಸರು. ಆದರೂ ನಮ್ಮವರು ಅಂತ ಹೇಳಿಕೊಳ್ಳುವುದನ್ನು ಬಿಟ್ಟಿಲ್ಲ.) ಗೋಕಾಕರು ಅಂದ ಕೂಡಲೇ ನಮಗೆಲ್ಲ ನೆನಪಾಗುವುದು 1981ರ ವರದಿ, ಕನ್ನಡವೇ ಪ್ರಥಮ ಭಾಷೆಯಾಗಬೇಕು ಅಂದದ್ದು, ರಾಜಕುಮಾರ್ ಬೀದಿಗಿಳಿದದ್ದು. ಅದೇ ಮನುಷ್ಯ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು, ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ಗೆ ನಿರ್ದೇಶಕರಾಗಿದ್ದವರು. ಇಂಗ್ಲಿಷ್ ಮೇಷ್ಟ್ರುಗಳಿಗೆ ಪಾಠ ಹೇಳುವುದು ಹೇಗೆ ಅಂತ ಕಲಿಸುವ ಸಂಸ್ಥೆ ಅದು. ಕನ್ನಡವನ್ನು ಗಟ್ಟಿ ಮಾಡಿಕೊಂಡು ಇಂಗ್ಲಿಷನ್ನು ಪೂರಾ ಕಲಿಯಬಹುದು ಅನ್ನುವುದಕ್ಕೆ ಅವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಪ್ಯಾಕೇಜಿನಲ್ಲಿ ಅವರ ಪದ್ಯಕ್ಕೆ ಸಿಕ್ಕಿರುವ ಜಾಗ ಎಂಟು ಸಾಲಿನ ಸಾರಾಂಶ, ಪಕ್ಕದಲ್ಲಿ ನಕ್ಷತ್ರದ ಗುರುತು. ನಕ್ಷತ್ರ ಅಂದರೆ ಬರುವ ಸಾಧ್ಯತೆ ಹೆಚ್ಚು ಅಂತ.

ಇಷ್ಟಾದ ಮೇಲೂ ಪಾಸಿಂಗ್ ಪ್ಯಾಕೇಜು ಬರೆಯುವ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಬೆಂಗಳೂರಲ್ಲಿ ಕೂತು ‘ರೋಟ್ ಲರ್ನಿಂಗ್’ ಅಂತ ಮೂಗು ಮುರಿಯುವ ನನ್ನ ಸಹೋದ್ಯೋಗಿಗಳಿಗೆ ಒಂದು ಮಾತು ಗೊತ್ತಿರಲಿ. ನಮ್ಮ ಕಡೆ ಹತ್ತನೇತ್ತ ಫೇಲಾದ ಹುಡುಗ ಕಬ್ಬಿನ ಟ್ರ್ಯಾಕ್ಟರ್ ಹತ್ತುತ್ತಾನೆ. ಫೇಲಾದ ಹುಡುಗಿಗೆ ಮನೆಯಲ್ಲಿ ವರ ನೋಡುವ ಮಾತು ಶುರುವಾಗುತ್ತದೆ; ವಯಸ್ಸು, ಕಾಯ್ದೆ ಎಲ್ಲ ಆಮೇಲೆ. ಇಂಗ್ಲಿಷಿನಲ್ಲಿ ಫೇಲಾಗುವವರೂ ಅವರಲ್ಲಿ ಇದ್ದಾರೆ. ಪಾಸು ಅನ್ನುವುದು ಇಲ್ಲಿ ಎರಡು ವರ್ಷದ ಪಿಯುಸಿ, ಅಂದರೆ ಎರಡು ವರ್ಷದ ಬಿಡುವು. ಅದನ್ನು ಒಬ್ಬ ಮೇಷ್ಟ್ರು ಝೆರಾಕ್ಸ್ ಹಾಳೆಯಲ್ಲಿ ಕೊಡಿಸುತ್ತಾನೆ ಅಂದರೆ ಅವನ ಕಾಲಿಗೆ ಬೀಳಬೇಕು. ನಾನು ಕಲಿತ ಕಾಲಕ್ಕೆ ಕನ್ನಡ ಸಾಲಿಯಲ್ಲಿ ಎಬಿಸಿಡಿ ಶುರುವಾಗುತ್ತಿದ್ದದ್ದು ಐದನೆಯ ತರಗತಿಗೆ. 2007ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂತು. ಅಂದರೆ ಈಗಿನ ಮಕ್ಕಳು ಹತ್ತು ವರ್ಷ ಇಂಗ್ಲಿಷ್ ಓದಿ ಈ ಪ್ಯಾಕೇಜಿಗೆ ಬಂದು ಮುಟ್ಟುತ್ತಾರೆ. ಹತ್ತು ವರ್ಷದ ಕೊರತೆಯನ್ನು ಕೊನೆಯ ಮೂರು ತಿಂಗಳಲ್ಲಿ ಹೊರುವ ಹೊಣೆ ಹೈಸ್ಕೂಲಿನ ಒಬ್ಬ ಮೇಷ್ಟ್ರ ಮೇಲೆ.

ಮೇಲಿನಿಂದ ಒತ್ತಡ ಎಂಥದ್ದು ಅನ್ನುವುದಕ್ಕೆ ಈಚಿನ ಅಂಕಿಗಳೇ ಸಾಕು. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ 83.89. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಪಡೆಯುವ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿ, ಕೃಪಾಂಕವನ್ನು ದುಪ್ಪಟ್ಟು ಮಾಡಿದ ಮೇಲೆ. ಆ ರಿಯಾಯಿತಿ ಇಲ್ಲದ 2025ರ ಮೊದಲ ಪರೀಕ್ಷೆಯಲ್ಲಿ 62.34. ಕ್ಯಾಮೆರಾ ಬಂದಾಗ ಇಳಿದದ್ದು ಮಕ್ಕಳ ಬುದ್ಧಿ ಅಲ್ಲ; ಅಲ್ಲಿಯತನಕ ಯಾರು ಯಾರು ಬರೆಯುತ್ತಿದ್ದರು ಅನ್ನುವುದನ್ನು ಊಹಿಸಿಕೊಳ್ಳಿ. ಇದು ನಮ್ಮ ಊರಿನ ಜಾಯಮಾನ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಅಟ್ಲಾಂಟಾದಲ್ಲಿ 2009ರ ಶಾಲಾ ಪರೀಕ್ಷೆಗಳ ಉತ್ತರಪತ್ರಿಕೆಗಳನ್ನು ಶಿಕ್ಷಕರೇ ತಿದ್ದಿದ್ದರು. 2011ರ ತನಿಖಾ ವರದಿಯಲ್ಲಿ 178 ಶಿಕ್ಷಕರು, ಪ್ರಾಂಶುಪಾಲರ ಹೆಸರು ಬಂತು. 2015ರಲ್ಲಿ ಹನ್ನೊಂದು ಮಂದಿ ಅಪರಾಧಿಗಳು ಅಂತ ತೀರ್ಪಾಯಿತು. ಒಂದು ಸಂಖ್ಯೆಯ ಮೇಲೆ ಮೇಷ್ಟ್ರ ನೌಕರಿ, ಶಾಲೆಯ ಮರ್ಯಾದೆ ನಿಂತಾಗ ಎಲ್ಲ ಕಡೆಯೂ ಜನ ಸಂಖ್ಯೆಯನ್ನೇ ದುರಸ್ತಿ ಮಾಡುತ್ತಾರೆ. ನಮ್ಮ ಆಫೀಸಿನಲ್ಲಿ ಕೋಡ್ ಕವರೇಜ್ 80 ಪರ್ಸೆಂಟ್ ಬೇಕು ಅಂದಾಗ ಏನೇನು ಟೆಸ್ಟ್ ಬರೆಯುತ್ತಾರೆ ಅನ್ನುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಇದಕ್ಕೆಲ್ಲ ಉಪಾಯ ಅಂತ ನಮ್ಮಂಥವರು ಹೇಳುವುದು ಒಂದೇ, ಎಲ್ಲವನ್ನೂ ಇಂಗ್ಲಿಷ್ ಮೀಡಿಯಂ ಮಾಡಿಬಿಡಿ. 2019ರಲ್ಲಿ ಸರಕಾರ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ತೆರೆಯಲಿ. ಆದರೆ ಪರೀಕ್ಷೆ ಹೀಗೇ ಇದ್ದರೆ ಆಗುವುದಿಷ್ಟೇ: ಈಗ ಒಂದು ವಿಷಯಕ್ಕೆ ಇರುವ ಈ ಅರ್ಥವಾಗದ ಇಂಗ್ಲಿಷಿನ ಬಾಯಿಪಾಠ ಉಳಿದ ವಿಷಯಗಳಿಗೂ ಬರುತ್ತದೆ. ಅರ್ಥವಾಗದ ಇಂಗ್ಲಿಷಿನಲ್ಲಿ ದ್ಯುತಿಸಂಶ್ಲೇಷಣೆ ಬಾಯಿಪಾಠ ಮಾಡಿದ ಮಗುವಿಗೆ ಇಂಗ್ಲಿಷೂ ಇಲ್ಲ, ದ್ಯುತಿಸಂಶ್ಲೇಷಣೆಯೂ ಇಲ್ಲ.

ಹೊರದೇಶಕ್ಕೆ ಹೋಗಲು ನಮ್ಮ ಗೆಳೆಯರು ಐಇಎಲ್‌ಟಿಎಸ್ ಬರೆಯುವುದನ್ನು ನೋಡಿದ್ದೀರಿ. ಅದಕ್ಕೂ ಕೋಚಿಂಗ್ ಇದೆ, ಅಲ್ಲೂ ದಂಧೆ ಇದೆ. ಆದರೆ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕನ್ನೂ ನೋಡುತ್ತಾರೆ, ಮತ್ತು ಅವತ್ತು ಎದುರಿಗೆ ಬರುವ ಪ್ಯಾರಾ ನೀವು ಮುಂಚೆ ಓದಿದ್ದಾಗಿರುವುದಿಲ್ಲ. ತಯಾರಿ ಅಂದರೆ ಅಲ್ಲಿ ಕೊನೆಗೂ ಓದಿ ಓದಿ ಅಭ್ಯಾಸ ಮಾಡುವುದೇ. ನಮ್ಮ ಮಕ್ಕಳಿಗೆ ಮಾತಾಡುವ ಪರೀಕ್ಷೆ ನಾಳೆಯೇ ಇಡಿ ಅಂತ ನಾನು ಹೇಳುವುದಿಲ್ಲ. ನಾನು ಕೇಳುವುದು ಸಣ್ಣದು. ಓದಿರದ ಗದ್ಯಕ್ಕೆ ಈಗಿರುವ 4 ಅಂಕವನ್ನು 20 ಮಾಡಿ. ಉದ್ದದ ಒಂದೇ ಪ್ಯಾರಾ ಬೇಡ. ಸಣ್ಣಸಣ್ಣ ಐದು ಕೊಡಿ. ಬಸ್ಸಿನ ವೇಳಾಪಟ್ಟಿ, ಔಷಧದ ಚೀಟಿ, ಬ್ಯಾಂಕಿನ ನೋಟಿಸು, ಕೀಟನಾಶಕದ ಡಬ್ಬಿಯ ಮೇಲಿನ ಎಚ್ಚರಿಕೆ, ಒಂದು ಪುಟ್ಟ ಕಥೆ. ಡಿಕ್ಷನರಿ ಒಳಗೆ ಒಯ್ಯಲು ಬಿಡಿ. ಮತ್ತು, ಇದಕ್ಕೆ ಬಹಳ ಜನ ಹುಬ್ಬೇರಿಸುತ್ತಾರೆ, ಆ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆಯಲು ಬಿಡಿ. ಇಂಗ್ಲಿಷಿನಲ್ಲಿ ಇದ್ದದ್ದು ಅರ್ಥವಾಯಿತೇ ಅನ್ನುವುದು ತಾನೇ ನಮಗೆ ಬೇಕಾದದ್ದು? ಮೋಜಣಿಯ ಬಗ್ಗೆ ಅಷ್ಟು ಚೆಂದ ಹೇಳಿದ ಹುಡುಗಿಗೆ ಅದನ್ನು ಬರೆಯಲು ಜಾಗ ಸಿಗುತ್ತದೆ. ಹಾಗಾದರೆ ಇಂಗ್ಲಿಷ್ ಬರೆಯುವುದನ್ನು ಯಾವಾಗ ಕಲಿಯುತ್ತಾರೆ ಅಂತ ಕೇಳಬಹುದು. ಈಗ ಅವರು ಬರೆಯುತ್ತಿರುವುದೂ ಇಂಗ್ಲಿಷೇನಲ್ಲ. ನೋಡಿದ ಆಕಾರವನ್ನು ಬಿಡಿಸುತ್ತಿದ್ದಾರೆ, ರಂಗೋಲಿ ಹಾಗೆ.

ಈ ಮಾತನ್ನು ನನ್ನ ಜೊತೆ ಹೈಸ್ಕೂಲು ಓದಿ, ಈಗ ಅದೇ ಸೀಮೆಯಲ್ಲಿ ಇಂಗ್ಲಿಷ್ ಕಲಿಸುವ ಗೆಳೆಯನ ಮುಂದೆ ಹೇಳಿದೆ. ಪೂರ್ತಿ ಕೇಳಿದ. ಡಿಕ್ಷನರಿಯ ಮಾತಿಗೆ ನಕ್ಕ. ಶಾಲೆಯಲ್ಲಿ ಇರುವುದು ಎರಡು, ಒಂದಕ್ಕೆ ‘ಎಸ್’ನಿಂದ ಮುಂದೆ ಪುಟ ಇಲ್ಲ ಅಂದ. ಕನ್ನಡದಲ್ಲಿ ಉತ್ತರ ಬರೆಸುವುದು ಅವನಿಗೂ ಇಷ್ಟವಾಯಿತು, ತಾನು ಎಂಟನೆಯ ತರಗತಿಗೆ ಆಗಲೇ ಹಾಗೆ ಮಾಡಿಸುತ್ತೇನೆ, ಹುಡುಗರು ಪ್ಯಾರಾ ಓದಲು ಜಗಳಾಡುತ್ತಾರೆ ಅಂದ. ಹತ್ತಕ್ಕೆ ಬಂದ ಕೂಡಲೇ ನಿಲ್ಲಿಸುತ್ತಾನಂತೆ. ಯಾಕೋ ಮಾರಾಯಾ ಅಂದರೆ, ‘ಪೇಪರ್ ನೀ ಹೇಳಿದಂಗ ತಗದ್ರ ಮೊದಲನೇ ವರ್ಷ ರಿಜಲ್ಟ್ ಬೀಳ್ತದ. ಆ ವರ್ಷದ ನೋಟಿಸ್ ಯಾರಿಗಿ ಬರ್ತದ ಹೇಳು?’ ಅಂದ. ಹಾಗಾದರೆ ಒಂದೇ ಸಲ 20 ಬೇಡ, ವರ್ಷಕ್ಕೆ ನಾಲ್ಕರಂತೆ ಏರಿಸುತ್ತಾ ಹೋಗಲಿ, ಆ ನಾಲ್ಕು ವರ್ಷ ಶಾಲೆಗೆ ಫಲಿತಾಂಶದ ನೋಟಿಸ್ ಕೊಡುವುದಿಲ್ಲ ಅಂತ ಇಲಾಖೆ ಮೊದಲೇ ಬರೆದುಕೊಡಲಿ ಅಂದೆ. ‘ಬರದ ಕೊಟ್ರ ನಾಳೆನ ಪ್ಯಾಕೇಜ್ ಹರದ ಒಗೀತೇನಿ’ ಅಂದು, ಸಂಜೆಯ ವಿಶೇಷ ತರಗತಿಗೆ ಹೊತ್ತಾಯಿತು ಅಂತ ಗಾಡಿ ಚಾಲೂ ಮಾಡಿದ. ಹಿಂದಿನ ಸೀಟಿಗೆ ಹೊಸ ಝೆರಾಕ್ಸ್ ಪ್ರತಿಗಳ ಕಟ್ಟು ಕಟ್ಟಿತ್ತು, ನಲವತ್ತಿರಬಹುದು.